ಸೋಮವಾರದ ಕೆಲಸದಲ್ಲೂ ದೇವರನ್ನು ಕಾಣೋದು ಹೇಗೆ?

ಭಾನುವಾರ ಆರಾಧನೆ ಮುಗಿಸಿ ಬಂದಾಗ ಮನಸ್ಸು ಹಗುರವಾಗಿರುತ್ತದೆ. ಸೋಮವಾರ ಡೊಂಬಿವಿಲಿಯಲ್ಲಿ ಲೋಕಲ್ ಹತ್ತುವಷ್ಟರಲ್ಲಿ ಅದೆಲ್ಲ ಇಳಿದುಹೋಗಿರುತ್ತದೆ, ಅಲ್ವಾ? ಮುಂಬೈಯ ನಮ್ಮ ಕನ್ನಡ ಚರ್ಚ್ ಸಭೆಗಳಲ್ಲಿ ಹೋಟೆಲ್ ಗಲ್ಲಾದಲ್ಲಿ ಕೂರುವವರು, ನರ್ಸ್‌ಗಳು, ನನ್ನಂಥ ಅಕೌಂಟ್ಸ್‌ನವರು ಎಲ್ಲರೂ ಹೇಳುವುದು ಒಂದೇ: ದೇವರ ಕೆಲಸ ಪಾದ್ರಿ ಅಯ್ಯನವರದ್ದು, ನಮ್ಮದು ಹೊಟ್ಟೆಪಾಡು.

ಮೊದಲು ಈ ಮಾತು ಬಿಡಿ. ಬೈಬಲಿನ ಆದಿಕಾಂಡ 2:15 ತೆಗೆದು ನೋಡಿ. ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇಟ್ಟದ್ದೇ ಅದನ್ನು ವ್ಯವಸಾಯ ಮಾಡಿ ಕಾಯಲಿ ಅಂತ. ಪಾಪದ ಕಥೆ ಬರುವುದು ಮುಂದಿನ ಅಧ್ಯಾಯದಲ್ಲಿ. ಕೆಲಸ ಮೊದಲೇ ಇತ್ತು, ಮುಳ್ಳು, ಬೆವರು ಆಮೇಲೆ ಬಂದವು. (ಬೆಳಗಿನ ಕಿಕ್ಕಿರಿದ ವಿರಾರ್ ಲೋಕಲ್ ಆ ಮುಳ್ಳಿನ ಲೆಕ್ಕಕ್ಕೇ ಸೇರುತ್ತದೆ, ಅನುಮಾನವೇ ಇಲ್ಲ.) ಅಪೊಸ್ತಲ ಪೌಲ ಕೂಡ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಮಾಡಿ ಹೊಟ್ಟೆ ಹೊರೆದವನೇ.

ಟ್ರೈನಿನಲ್ಲಿ ನಿಲ್ಲಲು ಜಾಗ ಸಿಕ್ಕರೆ ಸಾಕು, ಕಣ್ಣು ಮುಚ್ಚಬೇಕಾಗಿಲ್ಲ, ಕೀರ್ತನೆ 90ರ ಕೊನೆಯ ವಚನ ನೆನೆಸಿಕೊಳ್ಳಿ. ನಮ್ಮ ಕೈಯ ಕೆಲಸವನ್ನು ನೀನೇ ಸ್ಥಿರಪಡಿಸು ಅಂತ ಅದರ ಭಾವ. ಉದ್ದ ಪ್ರಾರ್ಥನೆ ಬೇಡ. ಆಮೇಲೆ ಆ ದಿನದ ಒಂದೇ ಒಂದು ಕೆಲಸ ಆರಿಸಿಕೊಂಡು, ಇದು ಕೊನೆಗೆ ಯಾರ ಕೈ ಸೇರುತ್ತದೆ ಅಂತ ಕೇಳಿಕೊಳ್ಳಿ. ಇಡೀ ಕೆಲಸದ ಅರ್ಥ ಹುಡುಕಲು ಹೋದರೆ ತಲೆ ಕೆಡುತ್ತದೆ.

ನನ್ನ ಟೇಬಲ್ಲಿಗೆ ಧಾರಾವಿಯ ಒಂದು ಚರ್ಮದ ಕಾರ್ಖಾನೆಯ ಬಿಲ್ ಬರುತ್ತದೆ. ಗುಲಾಬಿ ಕಾಗದ, ಒಂದು ಮೂಲೆಯಲ್ಲಿ ಎಣ್ಣೆ ಕಲೆ, ಜಿಎಸ್‌ಟಿ ನಂಬರಿನ ಸೀಲು ಸೊಟ್ಟಗೆ. ಒಂದು ಸಲ ಆರ್ಡರ್ ನಂಬರಿನಲ್ಲಿ ಒಂದಂಕಿ ತಪ್ಪಿತ್ತು. ಸುಮ್ನೆ ವಾಪಸ್ ಕಳಿಸಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ, ಆದರೆ ಅವರ ದುಡ್ಡು ಮುಂದಿನ ಸರದಿಗೆ ಹೋಗುತ್ತಿತ್ತು. ಫೋನ್ ಮಾಡಿದೆ. ಶನಿವಾರ ಕಾರಿಗರರಿಗೆ ಪಗಾರ ಕೊಡಬೇಕು ಸಾಬ್ ಅಂದರು. ಐದು ನಿಮಿಷದಲ್ಲಿ ಸರಿಯಾಯಿತು. ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾನೂನೇ ಇದೆ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡು, ಅವನು ಅದನ್ನೇ ನಂಬಿಕೊಂಡಿದ್ದಾನೆ ಎನ್ನುವ ಧರ್ಮೋಪದೇಶಕಾಂಡ 24:15 ಅದಕ್ಕಿಂತಲೂ ಬಿಗಿ. ಆ ವಚನ ಓದಿದ ಮೇಲೆ ಬಿಲ್ಲಿನ ಕಟ್ಟು ನನಗೆ ಬರೀ ಕಟ್ಟಾಗಿ ಕಾಣುವುದಿಲ್ಲ. ನಿಮ್ಮದು ಇಡ್ಲಿ ತಟ್ಟೆಯೋ, ರೋಗಿಯ ಚಾರ್ಟೋ, ಇನ್ನೊಂದು ತುದಿಯಲ್ಲಿ ಯಾರೋ ಇದ್ದೇ ಇರುತ್ತಾರೆ. ಖುಷಿ ನನಗೆ ಸಿಕ್ಕಿದ್ದು ಅಲ್ಲೇ, ಪ್ರಮೋಷನ್‌ನಲ್ಲಿ ಅಲ್ಲ.

ಒಂದು ಎಚ್ಚರಿಕೆ. ಏನು ಮಾಡಿದರೂ ಕರ್ತನಿಗೆ ಅಂತ ಮಾಡಿ ಎನ್ನುವ ಕೊಲೊಸ್ಸೆ 3:23 ಬಾಸ್‌ಗಳಿಗೆ ಬಹಳ ಇಷ್ಟ. ಅದನ್ನು ಪೌಲ ಬರೆದದ್ದು ದಾಸರಿಗೆ. ಸ್ವಲ್ಪ ಕೆಳಗೆ, 4:1ರಲ್ಲಿ, ದಾಸರಿಗೆ ನ್ಯಾಯವಾದದ್ದನ್ನು ಕೊಡಿ, ನಿಮಗೂ ಪರಲೋಕದಲ್ಲಿ ಯಜಮಾನನಿದ್ದಾನೆ ಅಂತ ಧಣಿಗಳಿಗೂ ಹೇಳಿದ್ದಾನೆ. ಪಗಾರ ತಡ ಮಾಡುವವರು, ಬೈಯುವವರು, ಸುಳ್ಳು ಲೆಕ್ಕ ಬರೆಸುವವರು ಸಿಕ್ಕರೆ ಇದು ನನ್ನ ಶಿಲುಬೆ ಅಂತ ಹೊತ್ತುಕೊಂಡು ತಿರುಗಬೇಡಿ. ಕೇಳಿ, ಬರೆದಿಟ್ಟುಕೊಳ್ಳಿ, ಬೇರೆ ಕೆಲಸ ನೋಡಿ.

ವಿಶ್ರಾಂತಿ ದಿನ ದೇವರ ಹತ್ತು ಆಜ್ಞೆಗಳಲ್ಲೇ ಇದೆ, ಅದನ್ನು ಬಿಟ್ಟು ಖುಷಿ ಹುಡುಕಿದರೆ ಸಿಗೋದಿಲ್ಲ. ಹೋಟೆಲ್, ಆಸ್ಪತ್ರೆಯವರಿಗೆ ಭಾನುವಾರ ರಜೆ ಸಿಗೋದು ಕಷ್ಟ ಅಂತ ಗೊತ್ತು. ಹಾಗಿದ್ದರೆ ಬುಧವಾರವೋ ಗುರುವಾರವೋ, ವಾರದ ರಜೆ ಯಾವತ್ತಿದೆಯೋ ಅವತ್ತೇ ಅರ್ಧ ದಿನ ಗಟ್ಟಿಯಾಗಿ ಹಿಡಿದಿಡಿ. ಆಫೀಸಿನ ವಾಟ್ಸಾಪ್ ಗುಂಪು ಮ್ಯೂಟ್ ಮಾಡಿ, ಓವರ್‌ಟೈಮ್ ಆಸೆಗೂ ಅವತ್ತು ಬೇಡ ಅನ್ನಿ. ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲಾಂದ್ರೆ ಆ ಅರ್ಧ ದಿನ ಗ್ಯಾಸ್ ಬುಕಿಂಗು, ಬ್ಯಾಂಕು ಅಂತ ಓಡಾಡೋದರಲ್ಲೇ ಹೋಗುತ್ತದೆ.