ಮೋಟರ್ ಕಿರುಚುತ್ತೆ, ಟ್ರಕ್ ಓಡಲ್ಲ: ಮೊದಲು ಸ್ಪರ್ ಗೇರ್ ತಿರುಗಿಸಿ ನೋಡಿ

ಆರ್‌ಸಿ (ರಿಮೋಟ್‌ನಲ್ಲಿ ಓಡಿಸುವ ಆಟಿಕೆ) ಮಾನ್‌ಸ್ಟರ್ ಟ್ರಕ್‌ನ ಮೋಟರ್ ಕಿರುಚಿಯೂ ಗಾಡಿ ಕದಲದಿದ್ರೆ ತಕ್ಷಣ ಗೇರ್‌ಬಾಕ್ಸ್ ಬಿಚ್ಚಬೇಡಿ. ಬ್ಯಾಟರಿ ಕಳಚಿ, ಗೇರ್ ಕವರ್ ತೆಗೆದು, ನಾಲ್ಕೂ ಚಕ್ರ ಅಲುಗಾಡದಂತೆ ಇನ್ನೊಬ್ಬರ ಕೈಲಿ ಹಿಡಿಸಿ, ಸ್ಪರ್ ಗೇರನ್ನು (ಮೋಟರಿನ ಪುಟ್ಟ ಗೇರ್ ತಿರುಗಿಸುವ ದೊಡ್ಡ ಗೇರ್) ಹೆಬ್ಬೆರಳಲ್ಲಿ ತಿರುಗಿಸಿ. ಶಕ್ತಿ ಮೋಟರಿನಿಂದ ಚಕ್ರದವರೆಗೆ ಒಂದೇ ಸಾಲಲ್ಲಿ ಹೋಗುತ್ತೆ, ಹಾಗಾಗಿ ಚಲನೆ ಎಲ್ಲಿ ಸಾಯುತ್ತೋ ತೊಂದರೆ ಅಲ್ಲೇ. ಸ್ಪರ್ ತಿರುಗಿ ಅದರ ನಡುವಿನ ನಟ್ ನಿಂತೇ ಇದ್ರೆ ಸ್ಲಿಪ್ಪರ್ (ಹೊರೆ ಹೆಚ್ಚಾದಾಗ ಜಾರಿ ಗೇರ್ ಉಳಿಸುವ ಕ್ಲಚ್) ಜಾರ್ತಿದೆ: ಸ್ಪ್ರಿಂಗ್ ಪೂರ್ತಿ ಅದುಮುವವರೆಗೆ ನಟ್ ಬಿಗಿದು, ಸುಮಾರು ಅರ್ಧ ಸುತ್ತು ಸಡಿಲಿಸಿ. ನಟ್ ಕೂಡ ತಿರುಗಿ ಡ್ರೈವ್‌ಶಾಫ್ಟ್ (ಚಕ್ರಕ್ಕೆ ಶಕ್ತಿ ಒಯ್ಯುವ ಸರಳು) ಸುಮ್ಮನಿದ್ರೆ ಗೇರ್‌ಬಾಕ್ಸ್ ಒಳಗಿನ ಗೇರ್ ಹಲ್ಲು ಹೋಗಿದೆ. ಶಾಫ್ಟ್ ತಿರುಗಿಯೂ ಚಕ್ರ ತಿರುಗದಿದ್ರೆ ಹೆಕ್ಸ್ (ಚಕ್ರ ಕೂರುವ ಆರುಮೂಲೆ ತುಂಡು) ಹಿಂದಿನ ಪಿನ್ ಬಿದ್ದುಹೋಗಿರುತ್ತೆ, ಅಕ್ಕಿಕಾಳಿನಷ್ಟು ಚಿಕ್ಕದು, ಹುಲ್ಲಲ್ಲಿ ಹುಡುಕೋ ಆಸೆ ಬಿಡಿ. ಸ್ಪರ್ ತಿರುಗದೇ ಇದ್ರೆ ಚಕ್ರ ಬಿಟ್ಟು ತಿರುಗಿಸಿ: ಪಿನಿಯನ್ (ಮೋಟರ್ ಶಾಫ್ಟಿನ ಪುಟ್ಟ ಗೇರ್) ತಿರುಗ್ತಾ ಮೋಟರ್ ಶಾಫ್ಟಿನ ತುದಿ ಅಲುಗದಿದ್ರೆ ಅದನ್ನು ಶಾಫ್ಟಿಗೆ ಬಿಗಿಯುವ ಗ್ರಬ್ ಸ್ಕ್ರೂ ಸಡಿಲ; ಎಣ್ಣೆ ಒರೆಸಿ, ಶಾಫ್ಟಿನ ಚಪ್ಪಟೆ ಬದಿಗೆ ಸ್ಕ್ರೂ ಕೂರಿಸಿ, ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದೇ ಹನಿ ಹಾಕಿ. ಪ್ಲಾಸ್ಟಿಕ್‌ಗೆ ತಾಗಿಸಬೇಡಿ, ಬಿರುಕು ಬಿಡುತ್ತೆ. ಮೋಟರ್ ಮತ್ತೆ ಕೂರಿಸುವಾಗ ಪಿನಿಯನ್ ಮತ್ತು ಸ್ಪರ್ ನಡುವೆ ನೋಟ್‌ಬುಕ್ ಹಾಳೆಯ ಚೂರು ಇಟ್ಟು ಒತ್ತಿ: ಗೇರ್ ತಿರುಗಿಸಿದಾಗ ಹಾಳೆ ಅಂಕುಡೊಂಕಾಗಿ ಮಡಚಿಕೊಂಡು, ಹರಿಯದೆ ಆಚೆ ಬಂದ್ರೆ ಅಂತರ ಸರಿ. ಸೆನ್ಸರ್ ಇಲ್ಲದ ಬ್ರಷ್‌ಲೆಸ್ (ಮೂರು ವೈರಿನ) ಮೋಟರ್ ಹೊರಡುವಾಗ ಟಕಟಕ ಅಂತ ತಡವರಿಸೋದು ಈ ಪರೀಕ್ಷೆಯಲ್ಲಿ ಸಿಗಲ್ಲ. ಗೇರೆಲ್ಲ ಸರಿ ಕಂಡ್ರೆ ಮೋಟರಿನ ಮೂರೂ ವೈರ್‌ಗಳ ಬುಲೆಟ್ ಕನೆಕ್ಟರ್ (ಗುಂಡು ತುದಿಯ ಪ್ಲಗ್) ಸಡಿಲವೇ ಅಂತ ಎಳೆದು ನೋಡಿ.