ಗೇಮ್ ಸರ್ವರ್‌ನಲ್ಲಿ ಪೆಟ್ಟಿಗೆಗೆ ಬೆಲೆ ಕಟ್ಟುವುದು ಹೇಗೆ?

ಜುಲೈ ಬಂತೆಂದರೆ ಕೊಡಗಿನಲ್ಲಿ ಮಳೆ ರಜೆ. ವಿರಾಜಪೇಟೆಯಲ್ಲೊಬ್ಬ, ಗೋಣಿಕೊಪ್ಪದಲ್ಲಿ ಇಬ್ಬರು, ಸೋಮವಾರಪೇಟೆಯಲ್ಲಿ ಒಬ್ಬಳು ಸೇರಿ ಮನೆಯ ಕಂಪ್ಯೂಟರ್‌ನಲ್ಲೇ ಮೈನ್‌ಕ್ರಾಫ್ಟ್ (ಬ್ಲಾಕ್ ಜೋಡಿಸಿ ಕಟ್ಟುವ ಆಟ) ಸರ್ವರ್ ಹಾಕಿಕೊಳ್ಳಬಹುದು. ಅದರಲ್ಲಿ ಕಾಫಿ ತೋಟ, ಕಣ, ಗೋದಾಮು ಕಟ್ಟಿ ತಮ್ಮದೇ ಆಟ ಮಾಡಿಕೊಳ್ಳಬಹುದು. ಆದರೆ ಬೇಗನೆ ಒಂದು ತಲೆನೋವು ಶುರುವಾಗುತ್ತದೆ. ಸಾಮಾನು ಇಡುವ ಪೆಟ್ಟಿಗೆ ಮಾಡಲು ಎಷ್ಟು ಮರ, ಕಬ್ಬಿಣ ಬೇಕು ಎನ್ನುವುದೇ ಅದರ ಬೆಲೆ. ಅದು ತೀರಾ ಅಗ್ಗವಾದರೆ ಎಲ್ಲರ ಶೆಡ್‌ನಲ್ಲೂ ಸಾಲು ಪೆಟ್ಟಿಗೆ, ಮೇಲೆ ‘ಇತರೆ 1’, ‘ಇತರೆ 2’, ‘ಇತರೆ 3’ ಅಂತ ಬೋರ್ಡು. ತೀರಾ ದುಬಾರಿಯಾದರೆ ಕುಯ್ದ ಬೆಳೆ ಇಡಲು ಜಾಗವಿಲ್ಲದೆ ಜನ ಆಟವನ್ನೇ ಬಿಡುತ್ತಾರೆ.

ಮೊದಲ ಹೆಜ್ಜೆ: ಖಾನೆಗೆ ಎಷ್ಟು ಬಿತ್ತು ನೋಡಿ

ಪೆಟ್ಟಿಗೆಯ ಒಟ್ಟು ಬೆಲೆಯನ್ನು ಅದರ ಖಾನೆಗಳಿಂದ, ಅಂದರೆ ಸ್ಲಾಟ್‌ಗಳಿಂದ ಭಾಗಿಸಿ. ಮೈನ್‌ಕ್ರಾಫ್ಟ್‌ನ ಚೆಸ್ಟ್‌ಗೆ, ಅಂದರೆ ಮಾಮೂಲಿ ಪೆಟ್ಟಿಗೆಗೆ, 8 ಹಲಗೆ, 27 ಖಾನೆ. ಎರಡು ಚೆಸ್ಟ್ ಪಕ್ಕಪಕ್ಕ ಇಟ್ಟರೆ 16 ಹಲಗೆ, 54 ಖಾನೆ. ಖಾನೆಯ ದರ ಅದೇ. ಬ್ಯಾರೆಲ್‌ಗೆ 6 ಹಲಗೆ ಮತ್ತು 2 ಸ್ಲ್ಯಾಬ್ (ಅರ್ಧ ಎತ್ತರದ ಮರದ ಬ್ಲಾಕ್). 3 ಹಲಗೆಗೆ 6 ಸ್ಲ್ಯಾಬ್ ಸಿಗುವುದರಿಂದ ಲೆಕ್ಕ 7 ಹಲಗೆಗೆ ನಿಲ್ಲುತ್ತದೆ. ಖಾನೆ ಅಷ್ಟೇ, 27. ಮೇಲೆ ಕಲ್ಲು ಕೂತಿದ್ದರೂ ಬ್ಯಾರೆಲ್ ತೆರೆಯುತ್ತದೆ, ಚೆಸ್ಟ್ ತೆರೆಯುವುದಿಲ್ಲ. ಹಾಗಿದ್ದರೂ ಹಲವರು ಚೆಸ್ಟನ್ನೇ ಇಡುತ್ತಾರೆ ಯಾಕೆ? ಒಂದೇ ಕಿಟಕಿಯಲ್ಲಿ 54 ಖಾನೆ ಕಾಣುತ್ತದಲ್ವಾ! ಆಟಗಾರ ಬೆಲೆ ಕೊಡುವುದು ಬರೀ ಜಾಗಕ್ಕಲ್ಲ, ತನಗೆ ತಪ್ಪುವ ಕೆಲಸಕ್ಕೆ. ಈ ಒಂದು ಮಾತು ಹಿಡಿದುಕೊಂಡರೆ ಮುಂದಿನದೆಲ್ಲ ಸಲೀಸು.

ಎರಡನೇ ಹೆಜ್ಜೆ: ದೊಡ್ಡದಕ್ಕೆ ರಿಯಾಯಿತಿ ಕೊಡಬೇಡಿ

ಅಂಗಡಿಯಲ್ಲಿ ಸಗಟು ತೆಗೆದುಕೊಂಡರೆ ಅಗ್ಗ. ಆಟದಲ್ಲಿ ಹಾಗೆ ಮಾಡಿದರೆ ಚಿಕ್ಕ ಪೆಟ್ಟಿಗೆಯನ್ನು ಯಾರೂ ಮುಟ್ಟುವುದಿಲ್ಲ. ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ಆಟದಲ್ಲಿ ಸಾಮಾನ್ಯ ಚೆಸ್ಟ್‌ಗೆ 50 ಮರ, 36 ಖಾನೆ. ಖಾನೆಗೆ ಸುಮಾರು 1.4 ಮರ. 2024ರ 1.6 ಅಪ್‌ಡೇಟ್‌ನಲ್ಲಿ ಬಂದ ದೊಡ್ಡ ಚೆಸ್ಟ್‌ಗೆ 120 ಮರ, ಜೊತೆಗೆ 2 ತಾಮ್ರದ ಗಟ್ಟಿ, 70 ಖಾನೆ. ಮರದ ಲೆಕ್ಕದಲ್ಲೇ ಖಾನೆಗೆ 1.7 ದಾಟುತ್ತದೆ, ತಾಮ್ರ ಬೇರೆ. ಅದೇ ಆಟದ ಚೀಲ ನೋಡಿ. ಶುರುವಿನಲ್ಲಿ 12 ಖಾನೆ. 24ಕ್ಕೆ ಏರಿಸಲು 2,000 ಚಿನ್ನ, ಅಲ್ಲಿಂದ 36ಕ್ಕೆ 10,000. ಎರಡು ಸಲವೂ ಸಿಗುವುದು 12 ಖಾನೆಯೇ, ಬೆಲೆ ಮಾತ್ರ ಐದು ಪಟ್ಟು. ಅಷ್ಟು ಹೊತ್ತಿಗೆ ಆಟಗಾರನ ಸಂಪಾದನೆಯೂ ಏರಿರುತ್ತದೆ, ಅದಕ್ಕೇ ಯಾರೂ ಗೊಣಗುವುದಿಲ್ಲ.

ಮೂರನೇ ಹೆಜ್ಜೆ: ಅನುಕೂಲಕ್ಕೆ ಬೇರೆ ಸಾಮಾನು ಕೇಳಿ

ಮೈನ್‌ಕ್ರಾಫ್ಟ್‌ನ ಶಲ್ಕರ್ ಬಾಕ್ಸ್‌ನಲ್ಲೂ 27 ಖಾನೆಯೇ. ಆದರೆ ಒಡೆದರೂ ಒಳಗಿನ ಸಾಮಾನು ಚೆಲ್ಲುವುದಿಲ್ಲ, ಹಾಗೇ ಹೊತ್ತೊಯ್ಯಬಹುದು. ಅದಕ್ಕೆ ಚೆಸ್ಟ್ ಜೊತೆ ಶಲ್ಕರ್ ಎಂಬ ಜೀವಿಯ 2 ಚಿಪ್ಪು ಬೇಕು, ಚಿಪ್ಪಿಗಾಗಿ ದಿ ಎಂಡ್ ಎಂಬ ಬೇರೆ ಲೋಕದವರೆಗೆ ಹೋಗಬೇಕು. ಇನ್ನಷ್ಟು ಮರ ಕೇಳಿದ್ದರೆ ಸುಮ್ನೆ ಮರ ಕಡಿಯುವ ಕೆಲಸ ಹೆಚ್ಚುತ್ತಿತ್ತು. ಇಲ್ಲಿ ಕೇಳಿರುವುದು ಪ್ರಯಾಣ ಮತ್ತು ಧೈರ್ಯ. ಇನ್ನೊಂದು ಬೀಗವೂ ಇದೆ: ಶಲ್ಕರ್ ಬಾಕ್ಸ್ ಒಳಗೆ ಇನ್ನೊಂದು ಶಲ್ಕರ್ ಬಾಕ್ಸ್ ಹೋಗುವುದಿಲ್ಲ. ಹೊತ್ತೊಯ್ಯುವ ಪೆಟ್ಟಿಗೆ ಮಾಡುವವರು ಈ ಬೀಗವನ್ನು ಮರೆತರೆ ಒಂದರೊಳಗೊಂದು ಇಟ್ಟು ಇಡೀ ಗೋದಾಮನ್ನೇ ಬೆನ್ನಿಗೆ ಹಾಕಿಕೊಳ್ಳುತ್ತಾರೆ.

ನಾಲ್ಕನೇ ಹೆಜ್ಜೆ: ಸಾಮಾನನ್ನೇ ಕುಗ್ಗಿಸುವ ದಾರಿ ಕೊಡಿ

9 ಕಬ್ಬಿಣದ ಗಟ್ಟಿ ಸೇರಿ ಒಂದು ಬ್ಲಾಕ್ ಆಗುತ್ತದೆ. ಖಾನೆಗೆ 64 ಬ್ಲಾಕ್ ಹಿಡಿದರೆ 576 ಗಟ್ಟಿ. ಹೊಸ ಪೆಟ್ಟಿಗೆಯಿಲ್ಲದೆ ಜಾಗ ಒಂಬತ್ತು ಪಟ್ಟು! ನಮ್ಮ ತೋಟದ ಆಟಕ್ಕೆ ಇದು ಹೇಳಿಮಾಡಿಸಿದಂತಿದೆ. ಕುಯ್ದ ಕಾಫಿ ಹಣ್ಣನ್ನು ರಾಶಿ ಹಾಕಿ ಬಿಟ್ಟರೆ ಕೆಡುತ್ತದೆ, ಪಲ್ಪಿಂಗ್ (ಹಣ್ಣಿನ ಸಿಪ್ಪೆ ತೆಗೆಯುವುದು) ಮಾಡುವುದಾದರೆ ಆ ದಿನವೇ ಮಾಡಬೇಕು ಎಂದು ತೋಟದ ಮನೆಯ ಮಕ್ಕಳಿಗೆ ಗೊತ್ತು. ಆಟದಲ್ಲಿ ಹಸಿ ಹಣ್ಣು ಖಾನೆಗೆ 16, ಕಣದಲ್ಲಿ ಒಣಗಿಸಿದ ಚೆರಿ 64 ಎಂದಿಡಿ. ಕಣ ಕಟ್ಟಿದವನಿಗೆ ಪೆಟ್ಟಿಗೆಯ ಖರ್ಚು ತಾನಾಗಿ ಇಳಿಯುತ್ತದೆ.

ಐದನೇ ಹೆಜ್ಜೆ: ಪಟ್ಟಿ ಬರೆದು ನೋಡಿ

ಒಂದು ಮಾದರಿ. ಬುಟ್ಟಿ: 9 ಖಾನೆ, 10 ಮರ. ಪೆಟ್ಟಿಗೆ: 27 ಖಾನೆ, 40 ಮರ. ಗೋದಾಮು: 81 ಖಾನೆ, 160 ಮರ, 12 ಕಬ್ಬಿಣ. ಖಾನೆಯ ದರ 1.1, 1.5, 2ರ ಹತ್ತಿರ. ಮೊದಲ ಬುಟ್ಟಿಯ ಮರ ಆಟ ಶುರುವಾದ ಹತ್ತು ನಿಮಿಷದೊಳಗೆ ಕೈಗೆ ಬರುವಂತಿರಲಿ. ಈಗ ಒಂದು ತಕರಾರು: ಮೂರು ಪೆಟ್ಟಿಗೆಗೆ 120 ಮರ, ಖಾನೆ 81. ಹಾಗಿದ್ದ ಮೇಲೆ ಗೋದಾಮು ಯಾಕೆ? ಜಾಗ ಎಷ್ಟು ಬೇಕಾದರೂ ಸಿಗುವ ಸರ್ವರ್‌ನಲ್ಲಿ ನಿಜಕ್ಕೂ ಯಾರೂ ಕಟ್ಟುವುದಿಲ್ಲ. ಪ್ರತಿಯೊಬ್ಬರಿಗೂ 16 ಬ್ಲಾಕ್ ಅಗಲ, 16 ಬ್ಲಾಕ್ ಉದ್ದದ ಸೈಟು ಅಂತ ಮಿತಿ ಹಾಕಿ. ಆಗ ಮೂರು ಪೆಟ್ಟಿಗೆಯ ಬದಲು ಒಂದೇ ಗೋದಾಮು ಇಟ್ಟು ಉಳಿಸುವ ನೆಲಕ್ಕೂ ಬೆಲೆ ಬರುತ್ತದೆ, 40 ಮರ ಜಾಸ್ತಿ ಕೊಟ್ಟವನಿಗೆ ನಷ್ಟ ಅನ್ನಿಸುವುದಿಲ್ಲ.

ನಿಜ ದುಡ್ಡಿಗೆ ಜಾಗ ಮಾರುವ ಆಟಗಳೂ ಇವೆ. ಪಾತ್ ಆಫ್ ಎಕ್ಸೈಲ್‌ನಲ್ಲಿ ಹೆಚ್ಚುವರಿ ಸ್ಟ್ಯಾಶ್ ಟ್ಯಾಬ್‌ಗಳನ್ನು, ಅಂದರೆ ಸಾಮಾನು ಇಡುವ ಪುಟಗಳನ್ನು, ಹಾಗೇ ಕೊಳ್ಳಬೇಕು. ಗೆಳೆಯರ ಸರ್ವರ್‌ಗೆ ಆ ರಗಳೆ ಬೇಡವೇ ಬೇಡ.

ಆರನೇ ಹೆಜ್ಜೆ: ಆಡಿಸಿ, ಆಮೇಲೆ ತಿದ್ದಿ

ಒಂದು ವಾರ ಬಿಟ್ಟು ಎಲ್ಲರ ಶೆಡ್ ಸುತ್ತಿ ಬನ್ನಿ. ಒಂದೇ ಬಗೆಯ ಪೆಟ್ಟಿಗೆ ಕಂಡರೆ ಉಳಿದವುಗಳ ದರ ಸರಿಯಿಲ್ಲ. ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯಲ್ಲಿ ಚೆಸ್ಟ್‌ಗೆ ಬೇಕಾದ ಸಾಮಾನನ್ನು ಡೇಟಾಪ್ಯಾಕ್ (ಆಟದ ನಿಯಮ ತಿದ್ದುವ ಫೈಲುಗಳ ಕಟ್ಟು) ಮೂಲಕ ಬದಲಿಸಬಹುದು. ಖಾನೆಗಳ ಸಂಖ್ಯೆ ಬದಲಿಸಬೇಕೆಂದರೆ ಮಾಡ್, ಅಂದರೆ ಆಟವನ್ನೇ ಮಾರ್ಪಡಿಸುವ ಹೆಚ್ಚುವರಿ ಪ್ರೋಗ್ರಾಂ, ಬೇಕು. ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದ ಊರು ನಮ್ಮದು, ಆದ್ದರಿಂದ ಸರ್ವರ್ ನಿಲ್ಲಿಸಿ ನೀವು ಕಟ್ಟಿದ್ದೆಲ್ಲ ಇರುವ ವರ್ಲ್ಡ್ ಫೋಲ್ಡರ್ ಕಾಪಿ ಮಾಡಿಟ್ಟುಕೊಂಡೇ ಕೈ ಹಾಕಿ. ಬೆಲೆ ಏರಿಸುವುದಿದ್ದರೆ ಹಿಂದಿನ ದಿನವೇ ಎಲ್ಲರಿಗೂ ಹೇಳಿ. ಖಾನೆಗಳನ್ನು ಮಾತ್ರ ಇಳಿಸಲು ಹೋಗಬೇಡಿ. ತುಂಬಿದ ಪೆಟ್ಟಿಗೆಯ ಖಾನೆ ಕಡಿಮೆಯಾದರೆ ಮಿಕ್ಕ ಸಾಮಾನು ಮಾಯವಾಗಬಹುದು, ಆಮೇಲೆ ಲೆಕ್ಕ ಕೇಳಲು ಎಲ್ಲರೂ ನಿಮಗೇ ಫೋನ್ ಮಾಡುತ್ತಾರೆ.