ಬೀದಿಗೊಂದು ಸಂಘ: ಮೊದಲು ಬಲ್ಬು, ಆಮೇಲೆ ಬೈಲಾ

ನಮ್ಮದು ಚಿಕ್ಕಮಗಳೂರಲ್ಲಿ ಬಸವನಹಳ್ಳಿ ಕೆರೆ ಕಡೆಯ ಒಂದು ಸಣ್ಣ ಕ್ರಾಸ್. ಮೂವತ್ತೆರಡು ಮನೆ, ಅದರಲ್ಲಿ ಐದಕ್ಕೆ ಸದಾ ಬೀಗ. ಯಜಮಾನರು ತೋಟದಲ್ಲೋ, ಬೆಂಗಳೂರಲ್ಲಿ ಮಕ್ಕಳ ಮನೆಯಲ್ಲೋ ಇರುತ್ತಾರೆ. ಮೂರು ವರ್ಷದ ಹಿಂದೆ ನಾವು ಸಂಘ ಮಾಡಿದೆವು. ಮೊದಲ ಸಭೆಯಲ್ಲಿ ಅಧ್ಯಕ್ಷರು, ಉಪಾಧ್ಯಕ್ಷರು, ಗೌರವಾಧ್ಯಕ್ಷರು, ಖಜಾಂಚಿ ಎಲ್ಲ ಆಯ್ಕೆಯಾದರು, ಸಂಘಕ್ಕೆ ಏನು ಹೆಸರಿಡಬೇಕು ಅಂತ ಒಂದೂವರೆ ಗಂಟೆ ಚರ್ಚೆ ನಡೆಯಿತು, ಕೇಸರಿಬಾತ್ ತಿಂದೆವು, ಹೊರಗೆ ಬಂದು ನೋಡಿದರೆ ಬೀದಿ ಕಗ್ಗತ್ತಲು. ಕೊನೆಯ ಎರಡು ಕಂಬದ ದೀಪ ಕೆಟ್ಟು ತಿಂಗಳಾಗಿತ್ತು. ಸಭೆಯಲ್ಲಿ ಅದರ ಮಾತನ್ನೇ ಯಾರೂ ಎತ್ತಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಬೀದಿಯಲ್ಲಿ ಸಂಘ ಮಾಡಬೇಕು ಅಂತಿದ್ದರೆ ಪದಾಧಿಕಾರಿಗಳಿಂದ ಶುರು ಮಾಡಬೇಡಿ. ಹದಿನೈದು ದಿನದಲ್ಲಿ ಮುಗಿಯುವಂಥ ಒಂದು ಕೆಲಸ ಹಿಡಿಯಿರಿ. ಒಂದು ದೀಪ, ಒಂದು ಒಡೆದ ಸ್ಲ್ಯಾಬ್, ಅಷ್ಟು ಸಾಕು. ಅದು ಆಗಿದ್ದನ್ನು ಕಣ್ಣಾರೆ ನೋಡಿದ ಮೇಲೆ ಜನ ತಾವಾಗಿಯೇ ಸಭೆಗೆ ಬರುತ್ತಾರೆ.

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಸಂಜೆ ಏಳರ ಹೊತ್ತಿಗೆ ನಾಲ್ಕು ಜನ ಸೇರಿ ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯಿರಿ. ಏಳು ಗಂಟೆಯೇ ಯಾಕೆ ಅಂದರೆ, ಉರಿಯದ ದೀಪ ಆಗ ಕಾಣುತ್ತದೆ, ಗೇಟಿನ ಮುಂದೆ ನಿಂತ ಕಾರು ಕಾಣುತ್ತದೆ, ಎಲ್ಲರೂ ಮನೆಯಲ್ಲೇ ಸಿಗುತ್ತಾರೆ. ಕಂಡದ್ದನ್ನೆಲ್ಲ ಬರೆಯಿರಿ. ‘ಚರಂಡಿ ಸರಿಯಿಲ್ಲ’ ಅಂತ ಬರೆದರೆ ಉಪಯೋಗವಿಲ್ಲ. ‘ನೀಲಿ ಗೇಟಿನ ಮನೆ ಎದುರು ಸ್ಲ್ಯಾಬ್ ಒಡೆದಿದೆ, ಎರಡಡಿ ಉದ್ದ, ಕಬ್ಬಿಣದ ಸರಳು ಮೇಲೆ ಬಂದಿದೆ’ ಅಂತ ಬರೆಯಿರಿ. ನಮ್ಮ ಸಂಘದಲ್ಲಿ ಈ ಪುಸ್ತಕ ಇರುವುದು ನಿವೃತ್ತ ಮೇಷ್ಟ್ರ ಹತ್ತಿರ. ಅವರ ಕೈಬರಹ ಚೆನ್ನಾಗಿದೆ, ಯಾರಿಗೂ ಹೆದರುವವರೂ ಅಲ್ಲ.

ಈಗ ದೀಪದ ವಿಷಯ. ನಾವು ಮಾಡಿದ ಮೊದಲ ತಪ್ಪು, ದೂರನ್ನು ‘ಸಂಬಂಧಪಟ್ಟವರಿಗೆ’ ಅಂತ ಬರೆದದ್ದು. ಸಂಬಂಧಪಟ್ಟವರು ಅಂದರೆ ಯಾರೂ ಅಲ್ಲ. ಅದರಲ್ಲೇ ದೀಪ, ಚರಂಡಿ, ನಾಯಿ, ಗುಂಡಿ ಎಲ್ಲ ಸೇರಿಸಿ ಎರಡು ಪುಟ ತುಂಬಿಸಿದ್ದೆವು. ಆ ಕಾಗದ ಯಾವ ಟೇಬಲ್ಲಿಗೂ ಸೇರದೆ ಹೋಯಿತು. ಆಮೇಲೆ ಒಬ್ಬ ಪರಿಚಯದ ಗುಮಾಸ್ತರು ಹೇಳಿದರು, ‘ಒಂದು ಅರ್ಜಿಗೆ ಒಂದೇ ವಿಷಯ ಬರೀರಿ ಸಾರ್. ನಾಲ್ಕು ವಿಷಯ ಬರೆದರೆ ನಾಲ್ಕೂ ವಿಭಾಗದವರು ಇದು ನಮ್ಮದಲ್ಲ ಅಂತಾರೆ.’ ಈ ಮಾತನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಯಾವುದು ಯಾರದ್ದು ಅಂತ ತಿಳಿದುಕೊಳ್ಳುವುದೇ ಅರ್ಧ ಕೆಲಸ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಮೆಸ್ಕಾಂದು, ಅಂದರೆ ನಮ್ಮ ಕಡೆಯ ವಿದ್ಯುತ್ ಕಂಪನಿಯದು. ಕಂಬದ ಮೇಲಿನ ಬೀದಿದೀಪ ನೋಡಿಕೊಳ್ಳುವುದು ನಗರಸಭೆ. ಬಲ್ಬು ಹೋಗಿದ್ದರೆ ನಗರಸಭೆಗೆ ಬರೆಯಿರಿ. ತಂತಿ ಜೋತು ಬಿದ್ದಿದ್ದರೆ, ಕಿಡಿ ಹಾರುತ್ತಿದ್ದರೆ ಕಾಗದ ಬರೆಯುತ್ತ ಕೂರಬೇಡಿ, 1912ಕ್ಕೆ ಫೋನ್ ಮಾಡಿ. (ಹಾಸನದವರು ಓದುತ್ತಿದ್ದರೆ, ನಿಮಗೆ ಮೆಸ್ಕಾಂ ಬದಲು ಚಾಮುಂಡೇಶ್ವರಿ ವಿದ್ಯುತ್ ನಿಗಮ. ಅಲ್ಲೂ ನಂಬರ್ 1912.) ಕಂಬದ ಮೇಲೆ ಬಣ್ಣದಲ್ಲಿ ಬರೆದ ನಂಬರ್ ಇದ್ದರೆ ಅದನ್ನೇ ಹಾಕಿ, ಅಳಿಸಿಹೋಗಿದ್ದರೆ ಎದುರು ಮನೆಯ ನಂಬರ್ ಕೊಡಿ. ಅರ್ಜಿ ಇಷ್ಟೇ ಇರಲಿ:

‘ಪೌರಾಯುಕ್ತರು, ನಗರಸಭೆ, ಚಿಕ್ಕಮಗಳೂರು ಇವರಿಗೆ. ವಿಷಯ: ಇಂಥ ವಾರ್ಡ್, ಇಂಥ ಕ್ರಾಸ್‌ನ ಎರಡು ಬೀದಿದೀಪಗಳ ದುರಸ್ತಿ ಬಗ್ಗೆ. ಮಾನ್ಯರೇ, ಮೇಲ್ಕಂಡ ರಸ್ತೆಯ ಇಂಥ ಸಂಖ್ಯೆಯ ಕಂಬಗಳ ದೀಪಗಳು ಇಂಥ ತಾರೀಖಿನಿಂದ ಉರಿಯುತ್ತಿಲ್ಲ. ದುರಸ್ತಿ ಮಾಡಿಸಿಕೊಡಬೇಕಾಗಿ ಕೋರುತ್ತೇವೆ.’

ಕೆಳಗೆ ಎಂಟು ಹತ್ತು ಸಹಿ, ಒಂದು ಫೋನ್ ನಂಬರ್. ‘ಜನಸಾಮಾನ್ಯರ ಸಂಕಷ್ಟವನ್ನು ಮನಗಂಡು’ ಅಂತೆಲ್ಲ ಬೇಡ. ಎರಡು ಪ್ರತಿ ಒಯ್ದು, ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಈ ನಂಬರ್ ಇಲ್ಲದ ಅರ್ಜಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಹತ್ತು ದಿನ ಬಿಟ್ಟು ‘ನಮ್ಮ ಬೀದಿ ದೀಪ ಏನಾಯ್ತು’ ಅಂತ ಕೇಳುವುದಕ್ಕೂ, ‘ಈ ನಂಬರಿನ ಅರ್ಜಿ ಯಾರ ಹತ್ತಿರ ಇದೆ’ ಅಂತ ಕೇಳುವುದಕ್ಕೂ ಬಹಳ ವ್ಯತ್ಯಾಸ ಇದೆ. ಫೋನಲ್ಲೇ ಮಾಡುವವರಿಗೆ ಜನಹಿತ ಆ್ಯಪ್ ಇದೆ, ಅದರಲ್ಲಿ ಫೋಟೋ ಹಾಕಬಹುದು. ಎಲ್ಲೂ ಆಗಲಿಲ್ಲ ಅಂದರೆ ರಾಜ್ಯ ಸರ್ಕಾರದ ಜನಸ್ಪಂದನ, 1902. ಚಿಕ್ಕಮಗಳೂರಲ್ಲಿ 35 ವಾರ್ಡ್ ಇವೆ, ನಿಮ್ಮದು ಯಾವುದು ಅಂತ ಮೊದಲು ಖಚಿತ ಮಾಡಿಕೊಳ್ಳಿ. ರಸ್ತೆಯ ಈ ಬದಿ ಒಂದು ವಾರ್ಡ್, ಆ ಬದಿ ಇನ್ನೊಂದು ಆಗಿರುವುದೂ ಉಂಟು.

ಆದರೆ ಒಂದು ಮಾತು. ನಮ್ಮ ನೋಟ್‌ಬುಕ್‌ನಲ್ಲಿ ಮೊದಲ ದಿನ ಇಪ್ಪತ್ತಮೂರು ಸಮಸ್ಯೆ ಬರೆದಿದ್ದೆವು. ಕೂತು ನೋಡಿದರೆ ಅದರಲ್ಲಿ ಹದಿಮೂರಕ್ಕೆ ನಾವೇ ಕಾರಣ! ನೀರನ್ನೇ ನೋಡಿ. ಊರಿಗೆ ಯಗಚಿಯಿಂದ, ಹಿರೇಕೊಳಲೆಯಿಂದ ನೀರು ಬರುತ್ತದೆ, ನಮ್ಮ ಬೀದಿ ಇಳಿಜಾರು, ಮೇಲಿನ ಆರು ಮನೆಗೆ ಸಣ್ಣಗೆ ಬರುತ್ತಿತ್ತು. ವಾಲ್ವ್‌ಮ್ಯಾನ್‌ಗೆ ಬೈದದ್ದೇ ಬೈದದ್ದು. ಕೊನೆಗೆ ಗೊತ್ತಾಯಿತು, ಕೆಳಗಿನ ಮೂರು ಮನೆಯವರು ನಲ್ಲಿ ಲೈನಿಗೇ ಮೋಟರ್ ಹಾಕಿ ಎಳೆಯುತ್ತಿದ್ದರು. ಅದು ಕಾನೂನಿಗೂ ವಿರುದ್ಧ. ಅರ್ಜಿಯಿಂದ ಬಗೆಹರಿಯುವ ವಿಷಯ ಅಲ್ಲ ಇದು. ಹಿರಿಯರೊಬ್ಬರು ಹೋಗಿ ಕಾಫಿ ಕುಡಿದು ಬರಬೇಕು, ಅಷ್ಟೇ.

ಕಸದ ಕತೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲ ಸಂಘಗಳೂ ಮುಗ್ಗರಿಸುವುದು ಇಲ್ಲೇ. ನಮ್ಮ ತಿರುವಿನಲ್ಲಿ ಒಂದು ಖಾಲಿ ಸೈಟಿದೆ, ಅದರ ಮೂಲೆಯಲ್ಲಿ ದಿನಾ ಕಸದ ಕವರ್ ಬಿದ್ದಿರುತ್ತಿತ್ತು. ಗುಡಿಸಿ ರಂಗೋಲಿ ಹಾಕಿದೆವು, ಎರಡು ದಿನ ನಿಂತಿತು. ದೇವರ ಫೋಟೋ ಇಟ್ಟೆವು, ಅದರ ಪಕ್ಕಕ್ಕೆ ನೀಟಾಗಿ ಇಟ್ಟು ಹೋದರು. ‘ಇಲ್ಲಿ ಕಸ ಹಾಕುವವರು...’ ಅಂತ ಗೋಡೆ ಮೇಲೆ ಬರೆದೂ ಆಯಿತು. ಕೊನೆಗೆ ಮೂಲೆ ಮನೆ ಅಜ್ಜಿ, ಅವರು ಬೆಳಗಿನ ಜಾವ ಐದಕ್ಕೇ ಏಳುತ್ತಾರೆ, ವಾರವಿಡೀ ಕಿಟಕಿಯಲ್ಲಿ ಕೂತು ನೋಡಿ ಹೇಳಿದರು: ‘ಪಾಪ ಕಣ್ರೋ, ಆ ಔಟ್‌ಹೌಸಿನ ಹೆಣ್ಣುಮಕ್ಕಳು. ಏಳಕ್ಕೆಲ್ಲ ಕಾಫಿ ಕ್ಯೂರಿಂಗ್ ಕೆಲಸಕ್ಕೆ ಹೊರಡ್ತಾರೆ. ನಿಮ್ಮ ಗಾಡಿ ಬರೋದು ಎಂಟೂವರೆಗೆ. ಕಸ ಏನು ತಲೆ ಮೇಲೆ ಹೊತ್ಕೊಂಡು ಹೋಗ್ಬೇಕಾ?’

ಸರಿಯಾದ ಮಾತು ಅಲ್ವಾ! ಅಲ್ಲಿಂದ ದಾರಿ ಸುಲಭವಾಯಿತು. ಗಾಡಿ ಬರುವ ಹೊತ್ತಿಗೆ ಮನೆಯಲ್ಲಿರುವ ಇಬ್ಬರ ಗೇಟಿನ ಒಳಗೆ ಮುಚ್ಚಳ ಇರುವ ಎರಡೆರಡು ಬಕೆಟ್ ಇಟ್ಟೆವು, ಹಸಿರು ಹಸಿಗೆ, ನೀಲಿ ಒಣದಕ್ಕೆ. ಬೇಗ ಹೊರಡುವವರು ಅದರಲ್ಲಿ ಹಾಕಿ ಹೋಗುತ್ತಾರೆ. ಡೈಪರ್, ಪ್ಯಾಡ್ ಅನ್ನು ಪೇಪರಲ್ಲಿ ಸುತ್ತಿ ಬೇರೆ ಕೊಡಬೇಕು, ಒಡೆದ ಗಾಜನ್ನೂ ಹಾಗೇ. ಪೌರಕಾರ್ಮಿಕರು ಕೈ ಹಾಕುವುದು ಅದೇ ಬಕೆಟ್ಟಿಗೆ ತಾನೇ. ಮೂಲೆಯ ಕಸ ಹತ್ತು ದಿನದಲ್ಲಿ ನಿಂತಿತು. ಹಾಗಾಗಿ ನನ್ನ ಸಲಹೆ, ಕಸ ಹಾಕುವವರನ್ನು ಹಿಡಿಯುವ ಮೊದಲು ಅವರು ಎಷ್ಟು ಗಂಟೆಗೆ ಮನೆ ಬಿಡುತ್ತಾರೆ ಅಂತ ವಿಚಾರಿಸಿ. ಒಣಗಿದ ಎಲೆ, ಪ್ಲಾಸ್ಟಿಕ್ ಗುಡ್ಡೆ ಹಾಕಿ ಬೆಂಕಿ ಕೊಡುವವರಿಗೆ ಮಾತ್ರ ಖಡಾಖಂಡಿತವಾಗಿ ಬೇಡ ಅನ್ನಿ, ಕಸ ಸುಡುವುದಕ್ಕೆ ಕಾನೂನಿನಲ್ಲೇ ಅವಕಾಶ ಇಲ್ಲ.

ವಾಟ್ಸ್ಆ್ಯಪ್ ಗ್ರೂಪ್ ಬಗ್ಗೆ ನಾಚಿಕೆಯಿಂದಲೇ ಹೇಳಬೇಕು. ಆ ಕಸದ ದಿನಗಳಲ್ಲಿ ನಮ್ಮಲ್ಲೊಬ್ಬರು ಕವರ್ ಹಿಡಿದು ನಿಂತ ಒಬ್ಬರ ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಅವರು ಕಸ ಹಾಕಲು ಬಂದವರಲ್ಲ, ಗಾಡಿಗೆ ಕಾಯುತ್ತಿದ್ದವರು. ಆರು ತಿಂಗಳು ಅವರು ಯಾರ ಹತ್ತಿರವೂ ಮಾತಾಡಲಿಲ್ಲ, ಅವರ ಮಗನ ಮುಂಜಿಗೆ ಅರ್ಧ ಬೀದಿಗೆ ಕರೆ ಬರಲಿಲ್ಲ. ಅಂದಿನಿಂದ ನಿಯಮ: ಗುಂಡಿಯ ಫೋಟೋ ಹಾಕಬಹುದು, ಮನುಷ್ಯರ ಫೋಟೋ ಹಾಕುವ ಹಾಗಿಲ್ಲ. ಗುಡ್ ಮಾರ್ನಿಂಗ್ ಹೂವು, ರಾಜಕೀಯ ಎರಡಕ್ಕೂ ಬೇರೆ ಗ್ರೂಪ್ ಮಾಡಿಕೊಳ್ಳಲಿ.

ಸೊಳ್ಳೆ ವಿಷಯದಲ್ಲಿ ಬೀಗ ಹಾಕಿದ ಮನೆಗಳೇ ದೊಡ್ಡ ತಲೆನೋವು. ಡೆಂಗಿ ಸೊಳ್ಳೆ ಕೊಚ್ಚೆಗಿಂತ ಜಾಸ್ತಿ ಹುಟ್ಟುವುದು ತಿಳಿನೀರಿನಲ್ಲಿ: ತೊಟ್ಟಿ, ಹೂಕುಂಡದ ತಟ್ಟೆ, ತೆಂಗಿನ ಚಿಪ್ಪು, ಟೆರೇಸಿನ ಟೈರು. ಮೊಟ್ಟೆಯಿಂದ ಸೊಳ್ಳೆ ಆಗಲು ಏಳರಿಂದ ಹತ್ತು ದಿನ ಬೇಕು, ಹಾಗಾಗಿ ವಾರಕ್ಕೊಮ್ಮೆ ನೀರು ಚೆಲ್ಲಿ ಒಣಗಿಸಿದರೆ ಅದು ಹಾರುವುದೇ ಇಲ್ಲ. ನಾವು ಭಾನುವಾರ ಇಟ್ಟುಕೊಂಡಿದ್ದೇವೆ. ಬೀಗದ ಮನೆಗಳ ಒಂದೊಂದು ಗೇಟ್ ಕೀಲಿ ಪಕ್ಕದ ಮನೆಯಲ್ಲಿರುತ್ತದೆ. ಕೊಡಲು ಹಿಂದೆ ಮುಂದೆ ನೋಡುವವರಿಗೆ 2024ರ ಸುದ್ದಿ ನೆನಪಿಸಿ. ಆ ವರ್ಷ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಪಟ್ಟಣದ ಮನೆಗಳಿಗೆ 400 ರೂಪಾಯಿ ದಂಡ ಇಟ್ಟಿತ್ತು. ದಂಡಕ್ಕಿಂತ ‘ನಿಮ್ಮ ತೊಟ್ಟಿ ಸೊಳ್ಳೆ ಪಕ್ಕದ ಮನೆ ಮಗುವಿಗೆ ಕಚ್ಚುತ್ತೆ’ ಅನ್ನುವ ಮಾತು ಬೇಗ ಕೆಲಸ ಮಾಡಿತು.

ನಾಯಿ ವಿಷಯಕ್ಕೆ ಕೈ ಹಾಕಿದರೆ ಬೀದಿ ಎರಡು ಭಾಗ ಆಗುವುದು ಖಂಡಿತ. 2023ರ ನಿಯಮದ ಪ್ರಕಾರ ಬೀದಿ ನಾಯಿಗೆ ಸಂತಾನಹರಣ ಮಾಡಿಸಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದ ಆವರಣದ ನಾಯಿಗಳ ವಿಷಯದಲ್ಲಿ 2025ರಲ್ಲಿ ಸುಪ್ರೀಂ ಕೋರ್ಟ್ ಬೇರೆ ಆದೇಶ ಕೊಟ್ಟಿದೆ, ಅದು ಬೇರೆ ಮಾತು. ಕಿವಿಯ ತುದಿ ಕತ್ತರಿಸಿದ್ದರೆ ಆಪರೇಷನ್ ಆಗಿದೆ ಅಂತ ಗುರುತು. ಅರ್ಜಿ ಬರೆಯುವಾಗ ‘ನಾಯಿ ಕಾಟ’ ಅನ್ನದೆ, ಎಷ್ಟು ನಾಯಿ, ಅದರಲ್ಲಿ ಕಿವಿ ಗುರುತು ಇಲ್ಲದವು ಎಷ್ಟು ಅಂತ ಎಣಿಸಿ ಕೊಡಿ. ಅನ್ನ ಹಾಕುವವರು ಹಾಕಲಿ, ಆದರೆ ಅದಕ್ಕೆಂದೇ ಗೊತ್ತು ಮಾಡಿದ ಜಾಗದಲ್ಲಿ, ಮಕ್ಕಳು ಆಡುವ ಜಾಗದಿಂದ ದೂರ, ದಿನಾ ಒಂದೇ ಹೊತ್ತಿಗೆ. ಯಾರಿಗಾದರೂ ಕಚ್ಚಿದರೆ ಅರಿಶಿನ ಮೆತ್ತುತ್ತ ಕೂರಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ ಕಾಲು ಗಂಟೆ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ.

ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಬಂದವರ ಕಾರುಗಳು ನಮ್ಮ ಗೇಟಿನ ಮುಂದೆ ನಿಲ್ಲುತ್ತವೆ. ಕಲ್ಲು, ಡ್ರಮ್ ಇಟ್ಟು ಜಾಗ ಹಿಡಿಯಲು ಹೋಗಬೇಡಿ, ರಸ್ತೆ ನಮ್ಮ ಅಪ್ಪಂದಲ್ಲ. ಬೀದಿಯ ಹೋಂಸ್ಟೇ ಮಾಲೀಕರ ಜೊತೆ ಒಮ್ಮೆ ಕೂತು ಮಾತಾಡಿದರೆ ಸಾಕು, ಅವರಿಗೂ ನಾವು ಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ದ ಶಬ್ದ ಮಾಲಿನ್ಯ ನಿಯಮ ಇದೆ. ಮಾತು ಕೇಳದಿದ್ದರೆ 112. ನಮ್ಮದೇ ಗಣಪತಿ ಪೆಂಡಾಲಿಗೂ ಇದೇ ನಿಯಮ, ಅದು ನೆನಪಿರಲಿ.

ನೋಂದಣಿ ಯಾವಾಗ ಅಂದರೆ, ದುಡ್ಡು ಕೂಡಿದಾಗ. ಮನೆಗೆ ತಿಂಗಳಿಗೆ ನೂರು ರೂಪಾಯಿ ಎತ್ತಿ ಒಬ್ಬರ ಸ್ವಂತ ಖಾತೆಗೆ ಹಾಕುತ್ತ ಹೋದರೆ, ಅವರು ಎಷ್ಟೇ ಒಳ್ಳೆಯವರಾಗಿರಲಿ, ಒಂದು ದಿನ ಮಾತು ಬಂದೇ ಬರುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಇದ್ದರೆ ಸಾಕು, ಬೈಲಾ (ಸಂಘದ ನಿಯಮಾವಳಿ) ಬರೆದು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳಿಗೆ ಕೊಡಬೇಕು. ಆಮೇಲೆ ಪ್ರತಿ ವರ್ಷ ಮಹಾಸಭೆ, ಲೆಕ್ಕಪರಿಶೋಧನೆ, ಕಾರ್ಯಕಾರಿ ಸಮಿತಿಯ ಪಟ್ಟಿ ಸಲ್ಲಿಸುವುದು ಇದ್ದೇ ಇರುತ್ತದೆ. ಅಷ್ಟು ಮಾಡಲು ಆಗದಿದ್ದರೆ ನೋಂದಣಿ ಬೇಡ, ಸುಮ್ನೆ ಖರ್ಚಾದಷ್ಟೇ ಎತ್ತಿ, ಚೀಟಿಯನ್ನು ಗ್ರೂಪಿಗೆ ಹಾಕಿ.

ಮಾಹಿತಿ ಹಕ್ಕನ್ನು ಕೊನೆಗೆ ಇಟ್ಟುಕೊಳ್ಳಿ. ಹತ್ತು ರೂಪಾಯಿ ಶುಲ್ಕ, 150 ಪದ, ಒಂದೇ ವಿಷಯ, 30 ದಿನದಲ್ಲಿ ಉತ್ತರ. ‘ರಸ್ತೆ ಯಾಕೆ ಹಾಳಾಗಿದೆ’ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಕಾಮಗಾರಿ ಆದೇಶದ ಪ್ರತಿ ಕೇಳಿ, ಗುತ್ತಿಗೆದಾರರು ಎಷ್ಟು ಸಮಯದವರೆಗೆ ದುರಸ್ತಿ ಮಾಡಿಕೊಡಬೇಕು ಅಂತ ಅದರಲ್ಲಿ ಇದೆಯಾ ನೋಡಿ.

ಇನ್ನು ಮಳೆಗಾಲ. ನಮ್ಮೂರಲ್ಲಿ ಜೂನ್‌ನಲ್ಲಿ ಚರಂಡಿ ಅರ್ಜಿ ಕೊಟ್ಟರೆ ತಡವಾದಂತೆಯೇ. ಏಪ್ರಿಲ್ ಕೊನೆಗೇ ಕೊಡಿ, ಒಣಗಿದ ಚರಂಡಿಯ ಫೋಟೋ ಸಮೇತ. ಮತ್ತೆ ಒಂದು ಪದ ಮರೆಯಬೇಡಿ. ಮೊದಲ ವರ್ಷ ನಾವು ‘ಹೂಳು ತೆಗೆಯುವ ಬಗ್ಗೆ’ ಅಂತ ಬರೆದಿದ್ದೆವು. ಬಂದರು, ತೆಗೆದರು, ಚರಂಡಿ ಪಕ್ಕದಲ್ಲೇ ಗುಡ್ಡೆ ಹಾಕಿ ಹೋದರು, ಮೂರನೇ ದಿನದ ಮಳೆಗೆ ಅಷ್ಟೂ ವಾಪಸ್ ಒಳಗೆ. ಈಗ ಮೇಷ್ಟ್ರು ‘ಹೂಳು ತೆಗೆದು ಸಾಗಿಸುವ ಬಗ್ಗೆ’ ಅಂತ ಬರೆಯುತ್ತಾರೆ, ‘ಸಾಗಿಸುವ’ ಅನ್ನುವುದರ ಕೆಳಗೆ ಸ್ಕೇಲ್ ಇಟ್ಟು ಗೆರೆ ಬೇರೆ ಎಳೆಯುತ್ತಾರೆ.